ಕಂಪ್ಯೂಟರಿನ ಪಾಲು

ಸುಚಿತಾಳ ಮನೆಯಲ್ಲಿ ಬೆಳಿಗ್ಗೆ ಎರಡು ಸಾಮಾನನ್ನು ಒಟ್ಟಿಗೇ ಹಚ್ಚುತ್ತಿದ್ದರು. ಒಂದು ಗಂಜಿಯ ಒಲೆ, ಇನ್ನೊಂದು ಕಂಪ್ಯೂಟರು. ಯಾವುದು ಮೊದಲು ತಯಾರಾಗುತ್ತದೆಂದು ಅತ್ತೆ ಗಣಪಿ ದಿನಾ ಪಂದ್ಯ ಕಟ್ಟುವಳು. ಎರಡು ವರ್ಷದಲ್ಲಿ ಒಲೆ ಒಂದು ದಿನವೂ ಸೋತಿರಲಿಲ್ಲ.

ಮನೆ ಇರುವುದು ಹೊನ್ನಾವರದ ಅಳಿವೆಯ ದಂಡೆಯಲ್ಲಿ. ಸುಚಿತಾ ಮಾವಳ್ಳಿಯ ಹುಡುಗಿ, ಪಿಯುಸಿ ಮುಗಿಸಿ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಸೋಮ ಮೀನುಗಾರಿಕೆ ಬೋಟಿನ ಎಂಜಿನ್ ನೋಡಿಕೊಳ್ಳುವವ. ಗಣಪಿ ನಲವತ್ತು ವರ್ಷದಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಹಳದೀಪುರದ ಮನೆಮನೆಗೆ ಮೀನು ಕೊಟ್ಟವಳು. ಕಂಪ್ಯೂಟರು ಮಾತ್ರ ಈ ಮನೆಗೆ ಹೊಸ ಸೊಸೆ. ಹೊಸ ಸೊಸೆಯೆಂದರೂ ವಯಸ್ಸಾದದ್ದು. ಯಾವುದೋ ಕಾಲೇಜಿನವರು ಹಳತಾಯಿತೆಂದು ಹೊರಗಿಟ್ಟಿದ್ದನ್ನು ಸೋಮ ರಿಕ್ಷಾದಲ್ಲಿ ಹಾಕಿಕೊಂಡು ಬಂದಿದ್ದ.

ಅದಕ್ಕೆ ಕೆಲಸ ಹುಟ್ಟಿಸಿದವರು ಕಚೇರಿಯವರು. ಒಂದು ದಿನ ಇದ್ದಕ್ಕಿದ್ದಂತೆ ‘ಎಲ್ಲ ಆನ್‌ಲೈನ್’ ಅಂದುಬಿಟ್ಟರು. ಅನ್ನುವುದು ಸುಲಭ. ಬುಟ್ಟಿ ಹಿಡಿದ ಹೆಂಗಸು ಯಾವ ಕೈಯಲ್ಲಿ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟವರು ಯಾರೂ ಇಲ್ಲ. ಕೇಳಲು ಹೋದವರಿಗೆ ‘ಸೈಬರ್‌ಗೆ ಹೋಗಿ’ ಅಂತ ಕೈ ತೋರಿಸಿ, ಅದೇ ಕೈಯಲ್ಲಿ ಚಹಾದ ಲೋಟ ಎತ್ತಿಕೊಂಡರು. ಸುಚಿತಾ ಮೊದಲು ಅತ್ತೆಯ ಪಡಿತರ ಚೀಟಿ ಸರಿಮಾಡಿದಳು. ಮರುದಿನ ಬಾಗಿಲಲ್ಲಿ ಮೂವರು ಹೆಂಗಸರು ನಿಂತಿದ್ದರು. ವರ್ಷವಾಗುವುದರೊಳಗೆ ದಂಡೆಯ ಅರ್ಧ ಕೇರಿಯ ಅರ್ಜಿ, ಆಧಾರು, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಆ ಪೆಟ್ಟಿಗೆಯೊಳಗೆ ಸೇರಿದ್ದವು.

ದುಡ್ಡು ತೆಗೆದುಕೊಳ್ಳಲು ಅವಳಿಗೆ ಮನಸ್ಸಿಲ್ಲ. ಬಿಟ್ಟಿ ಮಾಡಿಸಿಕೊಳ್ಳಲು ಆ ಹೆಂಗಸರಿಗೂ ಮನಸ್ಸಿಲ್ಲ. ದಾರಿ ಹುಡುಕಿದವಳು ಗಣಪಿಯ ಜೊತೆಗಾತಿ ಮಂಜಿ.

“ಮೀನು ಪಾಲು ಮಾಡುವಾಗ ಬೋಟಿಗೊಂದು ಪಾಲು, ಬಲೆಗೊಂದು ಪಾಲು ಅಂತ ತೆಗಿತ್ರಲೆ?” ಎಂದಳು ಮಂಜಿ. “ಮರದ ಹಲಗೆಗೆ ಪಾಲು ಅದೆ ಅಂದ್ಮೇಲೆ ಇದೆಂತ ಪಾಪ ಮಾಡ್ಯದೆ? ಇದಕ್ಕೂ ಒಂದು ಇರ್ಲಿ.”

ಅಂದಿನಿಂದ ಅರ್ಜಿ ಮಾಡಿಸಿದವರು ಬುಟ್ಟಿಯಿಂದ ಎರಡು ಬಂಗಡೆಯೋ ಹಿಡಿ ತಾರ್ಲೆಯೋ ತೆಗೆದು ಮೆಟ್ಟಿಲ ಮೇಲೆ ಇಟ್ಟು ಹೋಗತೊಡಗಿದರು. ಅದರ ಹೆಸರು ಕಂಪ್ಯೂಟರಿನ ಪಾಲು. ಉಂಡು ಉಳಿದದ್ದನ್ನು ಸುಚಿತಾ ಉಪ್ಪು ಹಾಕಿ ಒಣಗಿಸಿ ಮಾರಿ, ಬಂದದ್ದನ್ನು ಕಂಪ್ಯೂಟರಿನದೇ ಒಂದು ಡಬ್ಬಿಯಲ್ಲಿ ಇಡುತ್ತಿದ್ದಳು.

ಹೀಗಿರುವಾಗ ಊರಿಗೆ ಹೊಸ ಮೀನು ಮಾರುಕಟ್ಟೆ ಕಟ್ಟಿದರು. ನೆರಳಿದೆ, ನೀರಿದೆ, ಕೂರಲು ಟೈಲ್ಸ್ ಹಾಕಿದ ಕಟ್ಟೆಯಿದೆ. ಜೀವಮಾನವಿಡೀ ಗಟಾರದ ಪಕ್ಕ ಗೋಣಿಚೀಲದ ಮೇಲೆ ಕೂತವರಿಗೆ ಅದು ಅರಮನೆ. ಆದರೆ ಕಟ್ಟೆ ಬೇಕಾದವರು ಜೂನ್ ಕೊನೆಯೊಳಗೆ ಅರ್ಜಿ ಹಾಕಬೇಕು, ಅದೂ ಆನ್‌ಲೈನಿನಲ್ಲೇ. ದಂಡೆಯ ಇಪ್ಪತ್ತಾರು ಹೆಂಗಸರು ಸುಚಿತಾಳ ಬಳಿ ಬಂದರು. ಅವಳು ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಫೋಲ್ಡರ್ ಮಾಡಿ, ಫೋಟೋ ತೆಗೆದು, ಕಾಗದ ಸ್ಕ್ಯಾನ್ ಮಾಡಿ ಜೋಡಿಸಿದಳು. ಇನ್ನು ಕಳಿಸುವುದೊಂದೇ ಬಾಕಿ.

ಆಗ ಕಂಪ್ಯೂಟರು ಕೈಕೊಟ್ಟಿತು.

ಮೊದಲು ಏಳಲು ಅರ್ಧ ಗಂಟೆ ತೆಗೆದುಕೊಂಡಿತು. ಮರುದಿನ ಎದ್ದು, ಗಣಪಿಯ ಅರ್ಜಿ ತೆರೆದಿರುವಾಗಲೇ ಕಲ್ಲಾಯಿತು. ಮೂರನೆಯ ದಿನ ನೀಲಿ ಪರದೆ ತೋರಿಸಿ, ಡಿಸ್ಕೇ ಕಾಣುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬರೆದು ಸುಮ್ಮನಾಯಿತು. ಕೊನೆಯ ತಾರೀಕಿಗೆ ಆರು ದಿನ ಇತ್ತು. ಇಪ್ಪತ್ತಾರು ಜನರ ಕಾಗದ ಮತ್ತೆ ತರಿಸೋಣವೆಂದರೆ ಅರ್ಧ ಜನ ಅಸಲು ಕಾಗದಗಳನ್ನು ಸಾಲದ ಅರ್ಜಿಗೆಂದು ಸೊಸೈಟಿಗೆ ಕೊಟ್ಟಿದ್ದರು. ಸುಚಿತಾ ಆ ದಿನ ಊಟ ಮಾಡಲಿಲ್ಲ. ‘ನಿನ್ನ ನಂಬಿದ್ದೆವು’ ಎಂದು ಯಾರೂ ಅನ್ನುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅನ್ನದೆ ಮತ್ತೆ ಗಟಾರದ ಪಕ್ಕ ಹೋಗಿ ಕೂರುತ್ತಾರೆಂಬುದೂ ಗೊತ್ತಿತ್ತು.

ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ಹೆದ್ದಾರಿ ಬದಿಯ ಗಾಜಿನ ಅಂಗಡಿಯೊಂದಕ್ಕೆ ಹೋದರು. ಕೌಂಟರಿನ ಯುವಕ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೊದಲು ಗಣಪಿಯ ಸೀರೆ ನೋಡಿದ, ಆಮೇಲೆ ಮೂಗಿನ ಬಳಿ ಕೈ ಒಯ್ದ.

“ಹಾರ್ಡ್ ಡಿಸ್ಕ್ ಸತ್ತಿದೆ. ಒಂದು ಟಿಬಿ ಎಸ್‌ಎಸ್‌ಡಿ ಹಾಕ್ಸಿ. ಹೊಸ ಮಾಡೆಲ್, ಚೂಯಿಂಗ್ ಗಮ್ಮಿನಷ್ಟು ಉದ್ದ ಅಷ್ಟೇ. ರಾಕೆಟ್ ಹಂಗೆ ಓಡ್ತದೆ.”

“ಒಳಗಿನ ಫೈಲು?” ಎಂದಳು ಸುಚಿತಾ.

“ಅದೆಲ್ಲ ಹೋಯ್ತು. ಮರೀರಿ.”

ಗಣಪಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ತಮ್ಮಾ, ನಲವತ್ತು ವರ್ಷ ಮೀನು ಮಾರಿದೆ. ಕಿವಿರು ಎತ್ತದೆ, ಸತ್ತು ಎಷ್ಟು ದಿನ ಆತು ಅಂತ ಹೇಳೋ ಗಂಡಸನ್ನ ಇವತ್ತೇ ನೋಡಿದ್ದು. ನಡಿಯೇ ಸುಚಿತಾ.”

ಇಂಥ ಅಂಗಡಿಗಳು ಈಗ ಊರೂರಿಗೆ ಆಗಿವೆ. ಅಲ್ಲಿ ಮಾರುವುದು ಸಾಮಾನಲ್ಲ, ಸಂಖ್ಯೆ. ಇನ್ನೂರೈವತ್ತಕ್ಕಿಂತ ಐನೂರು ದೊಡ್ಡದು, ಐನೂರಕ್ಕಿಂತ ಸಾವಿರ ದೊಡ್ಡದು ಅನ್ನುವುದರಾಚೆಗೆ ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಕೇಳಿದರೆ, ಅದರಲ್ಲೂ ಬೆವರಿನ ವಾಸನೆಯ ಸೀರೆ ಉಟ್ಟವಳು ಕೇಳಿದರೆ, ಅದು ಅವಳ ಅಧಿಕಪ್ರಸಂಗ. ಅವತ್ತು ಆ ಇಬ್ಬರು ಅಲ್ಲಿಂದ ಎದ್ದು ಬಂದರಲ್ಲ, ಅದಕ್ಕೆ ಗಣಪಿಯ ಕಾಲಿಗೆ ನಮಸ್ಕಾರ ಹಾಕಬೇಕು.

ಕುಮಟೆಯಲ್ಲಿ ರಮಾನಂದನೆಂಬ ರಿಪೇರಿಯವನಿದ್ದಾನೆಂದು ಹೇಳಿದವರು ಗಣಪಿಯ ಹಳದೀಪುರದ ಗಿರಾಕಿ, ಒಬ್ಬ ಮೇಷ್ಟ್ರು. ಮಳೆ ಹೊಡೆಯುತ್ತಿತ್ತು. ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೊಳೆದ ಮೀನಿನ ಬುಟ್ಟಿಯೊಳಗಿಟ್ಟು, ಬಸ್ಸು ಹತ್ತಿದರು. ಕಂಡಕ್ಟರ್ ದೂರದಿಂದಲೇ ಮುಖ ಸಿಂಡರಿಸಿದ.

“ಎಂತ ಮೀನು? ಹಿಂದೆ ಇಡು, ಹಿಂದೆ.”

“ಕಬ್ಬಿಣದ್ದು,” ಎಂದಳು ಗಣಪಿ. “ಮುಳ್ಳು ಜಾಸ್ತಿ. ನಿನಗೆ ಆಗೂದಿಲ್ಲ.”

ಸುಚಿತಾ ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

ರಮಾನಂದನ ಅಂಗಡಿ ಪೇಟೆಯ ಒಂದು ಓಣಿಯಲ್ಲಿ, ಎರಡು ಜನ ನಿಂತರೆ ಮೂರನೆಯವನು ಹೊರಗೆ ನಿಲ್ಲಬೇಕಾದಷ್ಟು ದೊಡ್ಡದು. ಐವತ್ತರ ಹತ್ತಿರದ ಆಳು, ಕನ್ನಡಕಕ್ಕೆ ದಾರ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟವನು ಏನಾಗಿದೆಯೆಂದು ಕೇಳಲಿಲ್ಲ.

“ಇದರಲ್ಲಿ ಎಂತ ಕೆಲಸ ಮಾಡ್ತ್ರಿ, ಅಕ್ಕಾ? ದಿನಕ್ಕೆ ಎಷ್ಟು ಹೊತ್ತು ಹಚ್ಚಿರ್ತ್ರಿ?”

ಎಂತ ಕೆಲಸ ಮಾಡುತ್ತೀ ಎಂದು ಸುಚಿತಾಳನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವಳು ಹೇಳತೊಡಗಿದಳು. ಅರ್ಜಿ, ಫೋಟೋ, ಸ್ಕ್ಯಾನು, ಮಾರುಕಟ್ಟೆಯ ಕಟ್ಟೆ, ಇಪ್ಪತ್ತಾರು ಜನ, ಹತ್ತಿರ ಬಂದ ಕೊನೆಯ ತಾರೀಕು. ಹೇಳುತ್ತ ಹೇಳುತ್ತ ಅದು ಕೆಲಸವೇ ಎಂದು ಅವಳಿಗೂ ಅನಿಸಿತು.

“ನನ್ನ ಉಸ್ತಾದ್ ಕಲಿಸಿದ್ದು ಇದು,” ಎಂದ ರಮಾನಂದ, ಸ್ಕ್ರೂ ಬಿಚ್ಚುತ್ತ. “ಭಟ್ಕಳದಲ್ಲಿ ಹನ್ನೊಂದು ವರ್ಷ ಅವರ ಕೈಕೆಳಗಿದ್ದೆ. ಗಲ್ಫಿಂದ ಬಂದ ಟೇಪು, ಟೀವಿ ಎಲ್ಲ ಅವರೇ ರಿಪೇರಿ ಮಾಡೂದು. ರೋಗ ಆಮೇಲೆ ಕೇಳು, ಮೊದಲು ಕೆಲಸ ಕೇಳು ಅಂತಿದ್ರು.”

ಅವನು ಡಿಸ್ಕನ್ನು ಹೊರಗೆ ತೆಗೆದು, ಅದರ ಬಾಯಿ ಒರೆಸಿ, ತನ್ನ ಕೇಬಲ್ಲಿನಿಂದ ತನ್ನ ಕಂಪ್ಯೂಟರಿಗೆ ಜೋಡಿಸಿದ. ಅರ್ಧ ನಿಮಿಷ ಹೋಯಿತು. ಪರದೆಯ ಮೇಲೆ ಒಂದರ ಕೆಳಗೊಂದು ಹಳದಿ ಫೋಲ್ಡರುಗಳು ಸಾಲಾದವು. ಗಂಗಿ, ಮಾಲಿನಿ, ಮಂಜಿ. ಗಣಪಿಗೆ ಓದಲು ಬಾರದಿದ್ದರೂ ಸೊಸೆಯ ಕಣ್ಣಿನಲ್ಲಿ ನೀರು ಕಂಡು ಎಲ್ಲ ಸಿಕ್ಕಿತೆಂದು ತಿಳಿಯಿತು. ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

“ಡಿಸ್ಕಿಗೆ ಎಂತದೂ ಆಗ್ಲಿಲ್ಲ,” ಎಂದ ರಮಾನಂದ. “ಕೆಟ್ಟ ಜಾಗ ಒಂದೂ ಇಲ್ಲ. ಆದ್ರೆ ಇಲ್ಲಿ ನೋಡಿ, ಕೇಬಲ್ಲಲ್ಲಿ ಬರುವಾಗ ಮಾತು ಹಾಳಾದ್ದು ಸಾವಿರಾರು ಸಲ. ಮನುಷ್ಯ ಗಟ್ಟಿ ಇದ್ದಾನೆ, ಫೋನ್ ಲೈನ್ ಸರಿ ಇಲ್ಲ. ಅಷ್ಟೇ.”

ಅವಳ ಹಳೆಯ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದ. ಬೆರಳಿಗೆ ಕಂದು ಬಣ್ಣದ ಅಂಟು ತಗಲಿತು. ಮೂಸಿದ.

“ಅಕ್ಕಾ, ನಿಮ್ಮನೇಲಿ ಬೋಟಿನ ಕೆಲಸ ಮಾಡೋರು ಯಾರು ಇದ್ದಾರೆ?”

ಸುಚಿತಾಳಿಗೆ ಹೊಳೆಯಿತು. ಜೂನ್ ಒಂದಕ್ಕೆ ಮೀನುಗಾರಿಕೆ ಬಂದ್. ಎರಡು ತಿಂಗಳು ಬೋಟುಗಳು ದಡದಲ್ಲಿ. ಆಗ ಸೋಮನ ಕೈ ಸುಮ್ಮನಿರುವುದಿಲ್ಲ. ಎಂಜಿನ್ನು ಬಿಚ್ಚುತ್ತಾನೆ, ಬ್ಯಾಟರಿಯ ಕೊನೆಗಳಿಗೆ ಉಪ್ಪುಗಾಳಿ ತಿನ್ನದಿರಲೆಂದು ಗ್ರೀಸು ಮೆತ್ತುತ್ತಾನೆ. ಅದು ಮುಗಿದ ಮೇಲೆ ಮನೆಯ ಸೈಕಲ್ಲು, ಮಿಕ್ಸಿ, ಬಾಗಿಲ ಚಿಲಕ. ಈ ವರ್ಷ ಕಂಪ್ಯೂಟರಿನ ಸರದಿಯೂ ಬಂದಿತ್ತು.

“ನನ್ನ ಮಗನೇ,” ಎಂದಳು ಗಣಪಿ. “ಕೈಗೆ ಸಿಕ್ಕಿದ್ದಕ್ಕೆಲ್ಲ ಗ್ರೀಸು. ನಾನು ಒಂದು ಕಡೆ ಕೂತೇ ಇದ್ರೆ ನನಗೂ ಹಚ್ತಾನೆ.”

“ಬೈಬೇಡಿ,” ಎಂದ ರಮಾನಂದ. “ಉಪ್ಪು ಹಿಡಿದದ್ದು ಖರೆ. ಈ ಮೆಮೊರಿ ಹಲಗೆ ಕಾಲು ನೋಡಿ, ಬೆಳ್ಳಗಾಗ್ಯದೆ. ಅವರಿಗೆ ಅದು ಕಂಡದೆ. ರೋಗ ಸರಿಯಾಗೇ ಹಿಡಿದಿದ್ರು, ಮದ್ದು ಮಾತ್ರ ಬೋಟಿಂದು. ಬೋಟಿನ ಬ್ಯಾಟರಿಗೆ ಹೊರಗೆ ಮೆತ್ತೂದು ಸರಿ. ಇದರ ಹಲ್ಲು ಕೂದಲೆಳೆಯಷ್ಟು. ನಡುವೆ ಗ್ರೀಸು ಕೂತು, ಧೂಳು ಸೇರಿ ಗಟ್ಟಿಯಾದ್ರೆ ಮುಟ್ಟೂದೇ ಇಲ್ಲ.”

ಅವನು ಸ್ಪಿರಿಟ್ಟಿನಲ್ಲಿ ಒಂದೊಂದೇ ಹಲ್ಲು ಒರೆಸತೊಡಗಿದ. ಹೊಸ ಕೇಬಲ್ ಹಾಕಿದರೆ ಸಾಕು, ಮೊದಲಿನಂತೆ ನಡೆಯುತ್ತದೆ ಎಂದ.

ಅಂಗಡಿಯವನೊಬ್ಬ ‘ಇಷ್ಟು ಸಾಕು’ ಅನ್ನುವುದನ್ನು ಸುಚಿತಾ ಕೇಳಿರಲಿಲ್ಲ. ಸೀರೆಯ ಗಂಟಿನಲ್ಲಿ ಡಬ್ಬಿಯ ದುಡ್ಡು ಪೂರಾ ಇತ್ತು, ಅದು ಅವನಿಗೂ ಗೊತ್ತಾಗಿತ್ತು.

“ಹಾಗಾದ್ರೆ ಎಸ್‌ಎಸ್‌ಡಿ ಬೇಡ್ವಾ?”

“ಬೇಕೇ ಬೇಕು ಅಂತಿಲ್ಲ. ಹಾಕಿದ್ರೆ ಒಳ್ಳೇದು.” ಅವನು ಬಟ್ಟೆ ಕೆಳಗಿಟ್ಟ. “ಹಳೇ ಡಿಸ್ಕಿನೊಳಗೆ ಒಂದು ತಟ್ಟೆ ತಿರಗ್ತದೆ, ಒಂದು ಸೂಜಿ ಅತ್ಲಾಗೆ ಇತ್ಲಾಗೆ ಓಡಿ ಓದ್ತದೆ. ದೊಡ್ಡ ಸಿನೆಮಾ ಒಂದನ್ನ ಓದೂಕೆ ಅಡ್ಡಿಲ್ಲ. ಆದ್ರೆ ಕಂಪ್ಯೂಟರ್ ಏಳೂಕೆ ಸಾವಿರಾರು ಸಣ್ಣ ಸಣ್ಣ ಫೈಲು ಬೇಕು, ಒಂದೊಂದೂ ಒಂದೊಂದು ಮೂಲೇಲಿ. ಎಸ್‌ಎಸ್‌ಡಿಲಿ ತಿರುಗೂದೂ ಇಲ್ಲ, ಓಡೂದೂ ಇಲ್ಲ. ಕೇಳಿದ ಕೂಡ್ಲೆ ಕೊಡ್ತದೆ.”

“ಬಲೆ ಬಿಡಿಸೂ ಹಂಗೆ,” ಎಂದಳು ಗಣಪಿ. “ಇಸ್ವಾಣದಂಥ ದೊಡ್ಡ ಮೀನು ಒಂದೇ ಎಳೆತಕ್ಕೆ ಬತ್ತದೆ. ಸಣ್ಣ ತಾರ್ಲೆ ಸಿಕ್ಕಿಕೊಂಡ್ರೆ ಒಂದೊಂದೇ ಬಿಡಿಸಿ ಸಂಜೆ ಆತದೆ.”

ರಮಾನಂದ ಕನ್ನಡಕ ಮೇಲೇರಿಸಿ ಅವಳನ್ನು ನೋಡಿದ. “ಇಷ್ಟು ಚಂದ ನಂಗೆ ಹೇಳೂಕೆ ಬರ್ಲಿಲ್ಲ, ಅಮ್ಮಾ.”

ಮೇಜಿನ ಮೇಲೆ ಅವನು ನಾಲ್ಕನ್ನು ಇಟ್ಟ. ಚೂಯಿಂಗ್ ಗಮ್ಮಿನಂಥದ್ದನ್ನು ತಾನೇ ಪಕ್ಕಕ್ಕೆ ಸರಿಸಿದ. ಒಳ್ಳೆಯದೇ, ಆದರೆ ನಿಮ್ಮ ಹಳೆಯ ಬೋರ್ಡಿನಲ್ಲಿ ಅದು ಕೂರುವ ಜಾಗವೇ ಇಲ್ಲ ಎಂದ. ಹೆದ್ದಾರಿ ಬದಿಯವನು ಪೆಟ್ಟಿಗೆ ತೆರೆಯದೆ ಕಟ್ಟಿಕೊಡಲು ಹೊರಟಿದ್ದು ಅದನ್ನೇ.

ಉಳಿದವು ಮೂರು, ಮೂರೂ ಚಪ್ಪಟೆ, ಅಂಗೈ ಅಗಲ. ಒಂದು ನೂರಿಪ್ಪತ್ತು ಜಿಬಿ. ಒಂದು ಇನ್ನೂರೈವತ್ತು. ಮೂರನೆಯದು ಸಾವಿರ ಜಿಬಿ, ಹೆಸರು ಕೇಳದ ಕಂಪನಿ, ಹೊರಗೆ ಬೆಂಕಿಯುಗುಳುವ ಚಿರತೆಯ ಚಿತ್ರ, ಬೆಲೆಯಲ್ಲಿ ಇನ್ನೂರೈವತ್ತರದಕ್ಕಿಂತ ತುಸುವೇ ಹೆಚ್ಚು. ಸುಚಿತಾಳ ಕೈ ಚಿರತೆಯ ಕಡೆಗೆ ಹೋಯಿತು. ಯಾರ ಕೈಯಾದರೂ ಹೋಗುತ್ತಿತ್ತು.

ಗಣಪಿ ಕೆಮ್ಮಿದಳು. ಸುಚಿತಾಳಿಗೆ ಅರ್ಥವಾಯಿತು.

“ಅಣ್ಣಾ, ಇದರ ಕಿವಿರು ಎಲ್ಲಿ ನೋಡೂದು?”

ರಮಾನಂದ ಜೋರಾಗಿ ನಕ್ಕು, ಪೆಟ್ಟಿಗೆಗಳನ್ನು ತಿರುಗಿಸಿಟ್ಟ. “ಇಲ್ಲಿ. ಎಷ್ಟು ವರ್ಷದ ಗ್ಯಾರಂಟಿ, ಎಷ್ಟು ಫೈಲು ಬರೆದ್ರೆ ಸವೆಯ್ತದೆ. ಇದು ಬರ್ಕೊಂಡೂ ಬರ್ಕೊಂಡೂ ಸವೆಯೋ ಸಾಮಾನು. ಒಳ್ಳೆ ಕಂಪನಿಯವ ಅದನ್ನ ಬಾಯಿಬಿಟ್ಟು ಹೇಳ್ತಾನೆ. ಈ ಇನ್ನೂರೈವತ್ತರದಲ್ಲಿ ಬರೆದದೆ, ಐದು ವರ್ಷ. ನಿಮ್ಮ ಕೆಲಸಕ್ಕೆ ಹತ್ತು ವರ್ಷ ಬರೆದ್ರೂ ಅರ್ಧ ಮುಟ್ಟೂದಿಲ್ಲ.”

ಸುಚಿತಾ ಚಿರತೆಯ ಪೆಟ್ಟಿಗೆಯ ಬೆನ್ನು ಓದಿದಳು. ವೇಗದ ಅಂಕಿ ದಪ್ಪಕ್ಷರದಲ್ಲಿತ್ತು. ಗ್ಯಾರಂಟಿಯ ಜಾಗದಲ್ಲಿ ‘ಷರತ್ತು ಅನ್ವಯ’ ಎಂಬುದರ ಇಂಗ್ಲಿಷು. ಸವೆಯುವ ಮಾತೇ ಇಲ್ಲ.

“ಇದನ್ನ ಎಂತಕ್ಕೆ ಇಟ್ಟಿದ್ರಿ?”

“ಕೇಳಿ ಬತ್ತಾರೆ. ಕೊಡುವಾಗ ಹೇಳೇ ಕೊಡ್ತೆ. ಹೇಳಿದ್ಮೇಲೂ ಒಯ್ತಾರೆ.”

“ಸಣ್ಣದಾದ್ರೆ ಸಾಕಾಗೂದಿಲ್ವಾ? ಕಾಗದ ಎಲ್ಲ ಹಳೇ ಡಿಸ್ಕಿನಲ್ಲೇ ಇರ್ಲಿ, ಸಿಸ್ಟಮ್ ಮಾತ್ರ ಹೊಸದರಲ್ಲಿ.”

ಅವನಿಗೆ ಖುಷಿಯಾಯಿತು, ಅವನು ಹೇಳಬೇಕೆಂದಿದ್ದ ಮಾತನ್ನು ಅವಳೇ ಹೇಳಿದ್ದಳು. ಸಾಕಾಗುತ್ತದೆ, ಆದರೆ ಆಪರೇಟಿಂಗ್ ಸಿಸ್ಟಮ್ ವರ್ಷ ವರ್ಷ ಊದಿಕೊಳ್ಳುತ್ತದೆ, ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ, ಕೂರಲು ಸ್ವಲ್ಪ ಖಾಲಿ ಜಾಗ ಬೇಕು ಎಂದ. ಸುಚಿತಾ ಇನ್ನೂರೈವತ್ತರದನ್ನು ಎತ್ತಿಕೊಂಡು ಎದೆಗೆ ಹಿಡಿದಳು. ಆಯ್ಕೆ ಅವಳದು. ಯಾರೂ ಅವಳ ಕೈಗೆ ತುರುಕಿದ್ದಲ್ಲ.

ಸಿಸ್ಟಮ್ ಹಾಕಿ ಮುಗಿಸಲು ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ಅವನು ಇಪ್ಪತ್ತಾರೂ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಎರಡು ಡಿಸ್ಕೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಉಪ್ಪುಗಾಳಿಯಲ್ಲಿ ಇರುತ್ತವೆ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ ಎಂದ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಹಚ್ಚಿಡಿ, ಬಿಸಿಗೆ ತೇವ ನಿಲ್ಲುವುದಿಲ್ಲ ಎಂದ. ಕೊನೆಗೆ ಗುಂಡಿ ಒತ್ತಿದ. ಗಣಪಿ ಮೀನು ಎಣಿಸುವ ರಾಗದಲ್ಲಿ, ಒಂದು ಅನ್ನುವ ಬದಲು ಲಾಭ ಎನ್ನುತ್ತ, ಶುರುಮಾಡಿದಳು: “ಲಾಭ, ಎರಡು, ಮೂರು...”

ಹದಿನೆಂಟಕ್ಕೆ ಪರದೆ ಬಂತು.

ಒರೆಸಿದ್ದಕ್ಕೆ ಅವನು ಏನೂ ತೆಗೆದುಕೊಳ್ಳಲಿಲ್ಲ. ಗಣಪಿಗೆ ಅದು ಸಮ್ಮತವಾಗಲಿಲ್ಲ.

“ಬೋಟು ಇಳಿದ ದಿನ ಮೊದಲ್ನೇ ಇಸ್ವಾಣ ನಿನಗೆ, ತಮ್ಮಾ.”

“ಅಮ್ಮಾ, ನಮ್ಮನೇಲಿ ಮೀನು ತಿನ್ನೂದಿಲ್ಲ.”

“ತಿನ್ನೂದಿಲ್ಲ ಅಂದ್ರೆ? ಇಸ್ವಾಣ?”

“ಇಸ್ವಾಣವೂ.”

ಗಣಪಿ ಪೇಚಿಗೆ ಬಿದ್ದಳು. ಮೀನು ತಿನ್ನದವನಿಗೆ ಉಪಕಾರ ತೀರಿಸುವುದು ಹೇಗೆಂದು ಅವಳ ಅರವತ್ತು ವರ್ಷದ ಬಾಳಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಮುಖ ನೋಡಿ ರಮಾನಂದನೇ ಹೇಳಿದ: “ಕೊಡಲೇಬೇಕು ಅಂದ್ರೆ ಭಟ್ಕಳಕ್ಕೆ ಕೊಡಿ. ನನ್ನ ಉಸ್ತಾದ್ ಅಲ್ಲೇ ಇದ್ದಾರೆ. ಅವರಿಗೆ ಮೀನು ಅಂದ್ರೆ ಜೀವ. ನಾನು ಕಲಿಸಿಕೊಂಡದ್ದಕ್ಕೆ ಎಂತದೂ ಕೊಟ್ಟಿಲ್ಲ, ನನ್ನ ಲೆಕ್ಕದಲ್ಲಿ ಮುಟ್ಟಲಿ.”

ಮನೆಗೆ ಬಂದಾಗ ಸೋಮ ಜಗಲಿಯಲ್ಲಿ ಪಂಪಿನ ಯಾವುದೋ ಭಾಗ ಬಿಚ್ಚಿಕೊಂಡು ಕೂತಿದ್ದ. ಸುಚಿತಾ ಹಳೆಯ ಕೇಬಲ್ಲನ್ನು ಅವನ ಮುಂದಿಟ್ಟಳು.

“ಇದಕ್ಕೆ ಗ್ರೀಸು ಹಚ್ಚಿದ್ದು ನೀವಾ?”

“ಹೌದು. ಎಂತಕ್ಕೆ, ಕಡಿಮೆ ಆತಾ?”

ಗಣಪಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ವಿಷಯ ತಿಳಿದ ಮೇಲೆ ಸೋಮ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದ.

“ಹಲ್ಲಿಗೆ ಉಪ್ಪು ಹಿಡಿದಿತ್ತು. ನಿನ್ನ ಕೆಲಸ ನಿಲ್ಲಬಾರ್ದು ಅಂತ...”

“ಗೊತ್ತದೆ,” ಎಂದಳು ಸುಚಿತಾ. “ಉಪ್ಪು ಹಿಡಿದದ್ದು ಖರೆ ಅಂತ ಅವರೂ ಅಂದ್ರು. ನೀವು ಹಚ್ಚದೇ ಇದ್ರೆ ನಾನು ಇನ್ನೂ ಎರಡು ವರ್ಷ ಒಲೆ ಜೊತೆ ಪಂದ್ಯ ಕಟ್ತಿದ್ದೆ.”

ಅದು ಸಮಾಧಾನದ ಮಾತಲ್ಲ, ಅವಳಿಗೆ ನಿಜವಾಗಿ ಹಾಗೇ ಅನಿಸಿತ್ತು. ಮೂರು ದಿನ ನುಂಗಿದ ಹೆದರಿಕೆಗಿಂತ ಈ ಮನುಷ್ಯ ಯಾರಿಗೂ ಹೇಳದೆ ತನ್ನ ಯಂತ್ರದ ಒಂದೊಂದು ಕೀಲಿಗೂ ಬೋಟಿಗೆ ಮಾಡುವ ಆರೈಕೆ ಮಾಡಿದ್ದು ದೊಡ್ಡದಾಗಿ ಕಂಡಿತು. ಮರುದಿನ ಸೋಮ ಹಳೆಯ ಬೋಟಿನ ಹಲಗೆ ಕಡಿದು, ಕಂಪ್ಯೂಟರು ಗಾಳಿಗೆ ಬೆನ್ನು ಹಾಕಿ ಕೂರುವಂಥ ಪೀಠ ಮಾಡಿದ. ಗ್ರೀಸಿನ ಡಬ್ಬಿಯನ್ನು ಬೋಟಿನಲ್ಲೇ ಬಿಟ್ಟು ಬಂದ.

ಅರ್ಜಿಗಳು ಎರಡು ದಿನದಲ್ಲಿ ಹೋದವು. ಗಣಪಿಯದು ಕೊನೆಗೆ, ಅವಳೇ ಹಾಗೆ ಹೇಳಿದ್ದಳು. ಜುಲೈಯಲ್ಲಿ ಪಟ್ಟಿ ಬಂತು. ಇಪ್ಪತ್ತಾರರಲ್ಲಿ ಇಪ್ಪತ್ತೈದು. ಮಂಜಿಯ ಹೆಸರಿರಲಿಲ್ಲ; ಫೋಟೋ ಸ್ಪಷ್ಟವಿಲ್ಲವಂತೆ. ಮಂಜಿ ಮೂವತ್ತು ವರ್ಷ ಅದೇ ಕಚೇರಿಯ ಗೇಟಿನೆದುರು ಕೂತು ಮೀನು ಮಾರಿದ್ದಾಳೆ. ಒಳಗಿನವರು ದಿನಾ ಅವಳ ಮುಖ ನೋಡಿಯೇ ಬಂಗಡೆ ಒಯ್ದದ್ದು. ಆಗ ಸ್ಪಷ್ಟವಾಗಿ ಕಂಡ ಮುಖ ಅರ್ಜಿಯಲ್ಲಿ ಮಸುಕಾಯಿತು. ಸುಚಿತಾ ಎರಡನೆಯ ಸಲ ಫೋಟೋ ತೆಗೆದು ಮರು ಅರ್ಜಿ ಹಾಕಿದ್ದಾಳೆ. ಉತ್ತರ ಬರುವ ತನಕ ಗಣಪಿ ತನ್ನ ಕಟ್ಟೆಯ ಅರ್ಧ ಭಾಗದಲ್ಲಿ ಮಂಜಿಯನ್ನು ಕೂರಿಸಿಕೊಂಡಿದ್ದಾಳೆ. “ನಂಗೆ ಅರ್ಧ ಸಾಕು, ಎಂತ ನಾನು ಆನೆಯಾ?” ಎನ್ನುತ್ತಾಳೆ. ಒಲೆ ಮಾತ್ರ ದಿನಾ ಸೋಲುತ್ತಿದೆ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು. ಮೊದಲ ವಾರದ ಪಾಲಿನಲ್ಲಿ ಸೋಮನಿಗೆ ಮೊಳದುದ್ದದ ಇಸ್ವಾಣ ಬಂತು. ಗಣಪಿ ಅದನ್ನು ಬಾಳೆಲೆಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಹೂತು, ಭಟ್ಕಳದ ಬಸ್ಸು ಹತ್ತಿದಳು. ಕೇಳಿಕೊಂಡು ಕೇಳಿಕೊಂಡು ಒಂದು ಓಣಿಯ ಹಂಚಿನ ಮನೆಯ ಬಾಗಿಲು ತಟ್ಟಿದಳು. ಬಿಳಿ ಗಡ್ಡದ ಮುದುಕರೊಬ್ಬರು ಹೊರಗೆ ಬಂದರು. ಕುಮಟೆಯ ರಮಾನಂದ, ಸೊಸೆಯ ಕಂಪ್ಯೂಟರು, ಕಿವಿರಿನ ಮಾತು ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಅವರಿಗೆ ಕಿವಿ ಮಂದ. ಎಷ್ಟು ತಿಳಿಯಿತೋ ಗೊತ್ತಿಲ್ಲ. ಶಿಷ್ಯನ ಹೆಸರು ಮಾತ್ರ ಸರಿಯಾಗಿ ಕೇಳಿಸಿತು. ಮುಖ ಅರಳಿತು.

ಬಾಳೆಲೆ ಬಿಚ್ಚಿ, ಬಗ್ಗಿ, ಹೆಬ್ಬೆರಳಿನಿಂದ ಮೀನಿನ ಕಿವಿರು ಎತ್ತಿ ನೋಡಿದರು. ಒಳಗೆ ಕೆಂಪಗಿತ್ತು.

“ಒಳ್ಳೇ ಶಿಷ್ಯ,” ಎಂದರು.

ಗಣಪಿ ಖಾಲಿ ಬುಟ್ಟಿ ತಲೆಯ ಮೇಲಿಟ್ಟು ಬಸ್ ಸ್ಟ್ಯಾಂಡಿಗೆ ಹೊರಟಳು.